ಸೊಟ್ಟಣ್ಣ ಬಿಟ್ಟ ಜಾಗ

ನನ್ನ ಭಾವನ ಫೋಟೋ ಸ್ಟುಡಿಯೋಗೂ ನನ್ನ ಫ್ರೇಮಿನ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ, ಆ ಗೋಡೆಗೊಂದು ಬಾಗಿಲು. ಮೂವತ್ತೊಂದು ವರ್ಷದಿಂದ ಆ ಬಾಗಿಲಿನಲ್ಲಿ ಅತ್ತ ಕಡೆಯಿಂದ ಫೋಟೋಗಳು ಬರುತ್ತಿವೆ, ಇತ್ತ ಕಡೆಯಿಂದ ಬೈಗುಳ ಹೋಗುತ್ತಿದೆ. ಬೈಯುವವನು ನಾನು. ನನ್ನ ಕಸುಬೇ ಅಂಥದ್ದು. ನಾಲ್ಕು ಮರದ ಪಟ್ಟಿ, ನಾಲ್ಕು ಮೂಲೆ, ಒಂದೊಂದು ಮೂಲೆಯೂ ತೊಂಬತ್ತು ಡಿಗ್ರಿ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಾಜು ಕೂರುವುದಿಲ್ಲ. ಇಂಥ ಕೆಲಸ ಮಾಡುವವನ ಅಕ್ಕನನ್ನು, ಜೀವಮಾನದಲ್ಲಿ ಒಂದು ಗೆರೆಯನ್ನೂ ನೆಟ್ಟಗೆ ಬಿಡದ ಮನುಷ್ಯ ಮದುವೆಯಾದರು. ಯಾರ ಹತ್ತಿರ ಹೇಳಿಕೊಳ್ಳಲಿ?

ಊರಿನಲ್ಲಿ ಭಾವನ ಹೆಸರು ಸೊಟ್ಟಣ್ಣ. ಎದುರಿಗೇ ಹಾಗೆ ಕರೆಯುತ್ತಾರೆ, ಅವರು ಓಗೊಡುತ್ತಾರೆ. ಅವರು ನನಗಿಟ್ಟ ಹೆಸರು ಮೂಲೆಮಟ್ಟ, ಅಂದರೆ ಮೂಲೆ ನೆಟ್ಟಗಿದೆಯೇ ಎಂದು ನೋಡಲು ಬಡಗಿಗಳು ಇಟ್ಟುಕೊಳ್ಳುವ ಕಬ್ಬಿಣದ ಕೋನ. ನಾನೂ ಓಗೊಡುತ್ತೇನೆ, ಮತ್ತೇನು ಮಾಡುವುದು.

ಪಾಸ್‌ಪೋರ್ಟ್ ಫೋಟೋ ಮಾತ್ರ ಅವರು ಅಚ್ಚುಕಟ್ಟಾಗಿ ತೆಗೆಯುತ್ತಾರೆ. ಬಿಳಿ ಪರದೆ, ಎರಡೂ ಕಿವಿ, ನಟ್ಟನಡುವೆ ತಲೆ. "ಸರ್ಕಾರಕ್ಕೆ ತಮಾಷೆ ಅರ್ಥ ಆಗಲ್ಲ" ಎನ್ನುತ್ತಾರೆ. ಉಳಿದ ಯಾವ ಫೋಟೋ ಆದರೂ ಅವರ ಮೈಗೆ ಏನೋ ಹತ್ತಿಕೊಳ್ಳುತ್ತದೆ. ಎದ್ದುನಿಂತು ತೆಗೆಯಬಹುದಾದದ್ದನ್ನು ನೆಲದ ಮೇಲೆ ಮಲಗಿ ತೆಗೆಯುತ್ತಾರೆ. ಮಲಗಿರುವವರನ್ನು ತೆಗೆಯಲು ಏಣಿ ಹತ್ತುತ್ತಾರೆ. ಮನುಷ್ಯರನ್ನು ಮೂಲೆಗೆ ತಳ್ಳಿ, ಉಳಿದ ಮುಕ್ಕಾಲು ಪಾಲು ಗೋಡೆಯನ್ನೋ ಆಕಾಶವನ್ನೋ ಸುಮ್ಮನೆ ಬಿಟ್ಟುಬಿಡುತ್ತಾರೆ. ಒಮ್ಮೆ ಗಿರಾಕಿಯೊಬ್ಬರು ಫೋಟೋ ಕೈಯಲ್ಲಿ ಹಿಡಿದು, ತಲೆಯನ್ನು ಅತ್ತ ವಾಲಿಸಿ ಇತ್ತ ವಾಲಿಸಿ, ಕೊನೆಗೆ "ನಿಮ್ಮ ಕ್ಯಾಮೆರಾ ಸ್ಟ್ಯಾಂಡಿಗೆ ಒಂದು ಕಾಲು ಗಿಡ್ಡನಾ?" ಎಂದು ಕೇಳಿದ್ದರು. ಭಾವ ಗಂಭೀರವಾಗಿ "ಇಲ್ಲ, ನೆಲವೇ ಸ್ವಲ್ಪ ಗಿಡ್ಡ" ಅಂದರು.

ನಮ್ಮ ಸಾಲಿನ ಕೊನೆಯ ಅಂಗಡಿಯ ದರ್ಜಿಗೆ ಅಂಗಡಿಯಲ್ಲಿ ತೂಗುಹಾಕಲು ತನ್ನದೊಂದು ಫೋಟೋ ಬೇಕಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊರಳಿಗೆ ಟೇಪು ಹಾಕಿಕೊಂಡು, ಕತ್ತರಿ ಹಿಡಿದು ನಿಂತಿದ್ದ. ಭಾವ ಅವನನ್ನು ಮಾಮೂಲಿನಂತೆ ಹೊಲಿಯಲು ಹೇಳಿ, ತಾವು ಮಿಷನ್ನಿನ ಕೆಳಗೆ ನುಸುಳಿದರು. ಬಂದ ಫೋಟೋದಲ್ಲಿ ಮುಂದೆ ದೊಡ್ಡದಾಗಿ ಎರಡು ಪಾದ, ಪೆಡಲಿನ ಮೇಲೆ. ದರ್ಜಿಯ ಮುಖ ಎಲ್ಲೋ ಮೇಲಿನ ಬಲಮೂಲೆಯಲ್ಲಿ, ಲಿಂಬೆಹಣ್ಣಿನಷ್ಟು. ದರ್ಜಿ ಎಂಟು ದಿನ ನಮ್ಮ ಕಡೆ ಮುಖ ಹಾಕಲಿಲ್ಲ. ಒಂಬತ್ತನೇ ದಿನ ಅವನ ಅಮ್ಮ ಅಂಗಡಿಗೆ ಬಂದವರು, ಮೂಲೆಯಲ್ಲಿ ಬಿದ್ದಿದ್ದ ಆ ಫೋಟೋ ಎತ್ತಿ ನೋಡಿ, "ಅಯ್ಯೋ, ಇದು ಥೇಟ್ ನಿಮ್ಮಪ್ಪನ ಪಾದ ಅಲ್ವೇನೋ!" ಎಂದು ಅಲ್ಲೇ ಕೂತುಬಿಟ್ಟರಂತೆ. ಸಂಜೆಯೊಳಗೆ ಫೋಟೋ ನನ್ನ ಹತ್ತಿರ ಫ್ರೇಮಿಗೆ ಬಂತು.

ನಾನು ಇದೇಕೆ ಹೀಗೆ ಎಂದು ಕೇಳದೆ ಇದ್ದವನಲ್ಲ. ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ ಭಾವ ಹೇಳಿದರು: "ನೋಡು ಮೂಲೆಮಟ್ಟ, ನಡುವೆ ಇಟ್ರೆ ಕಣ್ಣು ಬಂದು ಅಲ್ಲೇ ಕೂತ್ಕೊಂಡ್ಬಿಡುತ್ತೆ. ಕೆಲಸ ಮುಗೀತು ಅಂತ ಎದ್ದು ಹೋಗುತ್ತೆ. ಪಕ್ಕಕ್ಕಿಟ್ರೆ ಕಣ್ಣು ಹುಡ್ಕೊಂಡು ನಡೀಬೇಕು. ನಡೆದು ಬಂದೋರಿಗೆ ಕಂಡಿದ್ದು ನೆನಪಿರುತ್ತೆ."

"ನಡೆಯೋರಿಗೆ ಕಾಲು ನೋಯುತ್ತೆ" ಎಂದೆ ನಾನು. ಆಗ ಆ ಮಾತು ನನಗೆ ಬರೀ ತಲೆಹರಟೆಯಾಗಿ ಕೇಳಿಸಿತ್ತು, ಸುಳ್ಳು ಯಾಕೆ ಹೇಳಲಿ.

ನಾನೂ ಸುಮ್ಮನೆ ಬೈದುಕೊಂಡು ಕೂತವನಲ್ಲ, ಕೈಲಾದಷ್ಟು ತಿದ್ದಿದ್ದೇನೆ. ನನ್ನಲ್ಲಿ ತಯಾರಿರುವ ಫ್ರೇಮುಗಳಿಗೆ ಒಂದು ಅಳತೆ ಇದೆ. ಭಾವನ ಉದ್ದುದ್ದ ಖಾಲಿ ಫೋಟೋಗಳು ಅದರಲ್ಲಿ ಕೂರುವುದಿಲ್ಲ. ಹಾಗಾಗಿ ಖಾಲಿ ಬದಿಯನ್ನು ಸರಿಯಾಗಿ ಕತ್ತರಿಸಿ, ಮನುಷ್ಯರನ್ನು ನಡುವಿಗೆ ತಂದು ಗಾಜು ಹಾಕಿಬಿಡುತ್ತಿದ್ದೆ. ಗಿರಾಕಿಗಳಿಗೆ ಹಾಲು ಕುಡಿದಷ್ಟು ಸಂತೋಷ. ಒಮ್ಮೆ ಗೋದಾಮಿನ ಗುಮಾಸ್ತರೊಬ್ಬರು ನಿವೃತ್ತರಾದಾಗ, ಭಾವ ಅವರನ್ನು ಕೆಳಗಿನ ಮೂಲೆಯ ಮೇಜಿನ ಹತ್ತಿರ ಕೂರಿಸಿ, ಮೆಟ್ಟಿಲ ಮೇಲಿಂದ ಇಡೀ ಖಾಲಿ ಗೋದಾಮನ್ನು ತೆಗೆದಿದ್ದರು. ನಾನು ಗೋದಾಮು ಕತ್ತರಿಸಿ ಗುಮಾಸ್ತರನ್ನು ಉಳಿಸಿದೆ. ಭಾವ ನನ್ನ ಜೊತೆ ಮೂರು ದಿನ ಮಾತು ಬಿಟ್ಟರು. ಅಕ್ಕ ಬಂದು, "ಅವರು ಹೋದ್ಮೇಲೆ ಅಲ್ಲಿ ಎಷ್ಟು ಖಾಲಿ ಆಗುತ್ತೆ ಅಂತ ತೋರ್ಸೋಕೆ ಹಾಗೆ ತೆಗೆದಿದ್ರಂತೆ ಕಣೋ" ಎಂದಳು. ನಾನು ಮೂಗು ಮುರಿದೆ.

ಅಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ನನ್ನ ಮೂಗು ಒರೆಸಿದವಳು, ಅಕ್ಷರ ತಿದ್ದಿಸಿದವಳು, ಶಾಲೆಯಲ್ಲಿ ನನ್ನನ್ನು ಹೊಡೆದ ಹುಡುಗನ ಮನೆಗೆ ಹೋಗಿ ಜಗಳ ತೆಗೆದವಳು. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಫೋಟೋ ತಿದ್ದುವ ಕೆಲಸ ಅವಳದ್ದು. ಊರಿನ ಅರ್ಧ ಜನರ ಮೊಡವೆ ತೆಗೆದವಳು, ಮುಚ್ಚಿದ ಕಣ್ಣು ತೆರೆಸಿದವಳು. ಒಂದು ಗುಂಡಿ ಒತ್ತಿದರೆ ಗಂಡನ ಸೊಟ್ಟ ಫೋಟೋಗಳೆಲ್ಲ ನೆಟ್ಟಗಾಗುತ್ತಿದ್ದವು. ಅವಳು ಯಾವತ್ತೂ ಒತ್ತಲಿಲ್ಲ. ಯಾಕೆ ಎಂದು ಕೇಳಿದಾಗ, "ಇವರು ಸೊಟ್ಟ ತೆಗೆದಿದ್ದನ್ನೆಲ್ಲ ನಾನು ನೆಟ್ಟಗೆ ಮಾಡ್ತಾ ಹೋದ್ರೆ, ಇವರು ಎಲ್ಲಿಗೆ ಹೋಗ್ಬೇಕು ಪಾಪ?" ಎಂದಳು.

ಆ ಅಕ್ಕ ಹೋದ ವರ್ಷ ಒಂದು ಬೆಳಗ್ಗೆ ಬಚ್ಚಲಿನಲ್ಲಿ ಕುಸಿದು ಕೂತಳು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಹನ್ನೊಂದು ದಿನ ಆಸ್ಪತ್ರೆ. ಮಾತಿಗೆ ಏನೂ ಆಗಲಿಲ್ಲ, ನೆನಪಿಗೆ ಏನೂ ಆಗಲಿಲ್ಲ, ಎಡಗೈ ಸ್ವಲ್ಪ ಸೋತಿತ್ತು. ಮನೆಗೆ ಕರೆತಂದ ದಿನ, ಬಾಗಿಲಲ್ಲೇ "ಯಾರು ಈ ಪರದೆ ಒಗೆದಿಲ್ಲ?" ಎಂದು ಗದರಿದಳು. ನಮಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಒಂದೊಂದೇ ವಿಚಿತ್ರ ಶುರುವಾಯಿತು. ತಟ್ಟೆಯ ಬಲ ಅರ್ಧ ಮಾತ್ರ ತಿಂದು, "ಇಷ್ಟೇನಾ? ನನ್ನ ಉಪವಾಸ ಹಾಕ್ಬೇಕು ಅಂತಿದ್ದೀರಾ?" ಎನ್ನುವಳು. ಎಡ ಅರ್ಧ ಹಾಗೇ ಇರುತ್ತಿತ್ತು. ತಲೆ ಬಾಚಿಕೊಂಡರೆ ಬಲಗಡೆ ಮಾತ್ರ. ಪೇಪರ್ ಓದಲು ಕೊಟ್ಟರೆ ಪ್ರತಿ ಸಾಲನ್ನೂ ನಡುವಿನಿಂದ ಓದಿ, ಇವರಿಗೆ ಬರೆಯುವುದಕ್ಕೇ ಬರುವುದಿಲ್ಲ ಎಂದು ಸಿಟ್ಟಾಗುವಳು.

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿದುಕೊಂಡವರು ಭಾವ. ಮದುವೆಯಾದ ಲಾಗಾಯ್ತಿನಿಂದ ಊಟದ ಮೇಜಿನಲ್ಲಿ ಅವರು ಕೂರುವುದು ಅಕ್ಕನ ಎಡಕ್ಕೆ. ಈಗ ಅವಳು ಅವರ ಕಡೆ ನೋಡುವುದೇ ಇಲ್ಲ. ಅವರು ಮಾತಾಡಿಸಿದರೆ ಬಲಗಡೆಯ ಕಿಟಕಿಗೆ ಮುಖ ತಿರುಗಿಸಿ ಉತ್ತರ ಕೊಡುತ್ತಾಳೆ. ಮೂರನೇ ದಿನ ಭಾವ ನಡುಗೋಡೆಯ ಬಾಗಿಲಿನಲ್ಲಿ ಬಂದು ನನ್ನ ಕೆಲಸದ ಹಲಗೆಯ ಪಕ್ಕ ನಿಂತರು.

"ನಿಮ್ಮಕ್ಕಂಗೆ ನನ್ನ ಮೇಲೆ ಕೋಪ ಕಣೋ."

"ಯಾಕೆ?"

"ಅವಳು ಬಿದ್ದಾಗ ನಾನು ಮಹಡಿ ಮೇಲೆ ನೀರಿನ ಟ್ಯಾಂಕ್ ಫೋಟೋ ತೆಗೀತಿದ್ದೆ. ಅವಳು ಕೂಗಿದ್ದು ಕೇಳಿಸ್ಲಿಲ್ಲ. ಎರಡು ದಿನದಿಂದ ತಪ್ಪಾಯ್ತು ಅಂತ ಕೇಳ್ತಾನೇ ಇದ್ದೀನಿ. ತಿರುಗಿಯೂ ನೋಡಲ್ಲ."

ಅರವತ್ತೆರಡು ವರ್ಷದ ಮನುಷ್ಯ, ಬೈಸಿಕೊಂಡ ಮಗುವಿನ ಹಾಗೆ ನನ್ನ ಮರದ ಹೊಟ್ಟನ್ನು ಬೆರಳಲ್ಲಿ ಗೀಚುತ್ತಾ ನಿಂತಿದ್ದರು.

ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಬಿಡಿಸಿ ಹೇಳಿದರು. ಕಣ್ಣು ಚೆನ್ನಾಗಿದೆ, ಕಿವಿಯೂ ಚೆನ್ನಾಗಿದೆ. ಆದರೆ ಎಡಗಡೆ ಎನ್ನುವುದೊಂದು ಇದೆ ಎಂಬುದನ್ನೇ ಮೆದುಳು ಮರೆತಿದೆ. "ಅವರಿಗೆ ಆ ಕಡೆ ಕತ್ತಲೆ ಕಾಣೋದಲ್ಲ. ಆ ಕಡೆಯೇ ಇಲ್ಲ. ನಮಗೆ ನಮ್ಮ ಬೆನ್ನ ಹಿಂದೆ ಏನೂ ಕಾಣ್ತಿಲ್ಲ ಅಂತ ಬೇಜಾರಾಗುತ್ತಾ? ಹಾಗೆ." ಎಡಕ್ಕೆ ತಿರುಗಿ ಹುಡುಕುವುದನ್ನು ಅವಳು ಹೊಸದಾಗಿ ಕಲಿಯಬೇಕು. ಮೊದಲ ನಾಲ್ಕೈದು ತಿಂಗಳು ಮುಖ್ಯ. ಕಲಿತರೆ ಒಬ್ಬಳೇ ರಸ್ತೆ ದಾಟಬಹುದು, ಕೆಲಸಕ್ಕೆ ಕೂರಬಹುದು. ಕಲಿಯದಿದ್ದರೆ ಇನ್ನು ಮುಂದೆ ಹೆಜ್ಜೆಹೆಜ್ಜೆಗೂ ಯಾರಾದರೂ ಕೈ ಹಿಡಿದುಕೊಂಡೇ ಇರಬೇಕು, ಜೀವನಪೂರ್ತಿ.

ಹೊರಗೆ ಬಂದ ಮೇಲೆ ಅಕ್ಕನ ಮಗಳು ಅತ್ತಳು. ಭಾವನ ಮುಖದಲ್ಲಿ ಮಾತ್ರ, ಹೇಳಿದರೆ ನಂಬುವುದಿಲ್ಲ, ಒಂದು ಗೆಲುವು. "ಕೋಪ ಅಲ್ಲ ಹಾಗಾದ್ರೆ" ಎಂದರು.

ಮನೆಯಲ್ಲಿ ನಾವೆಲ್ಲ ಜಾಣರಾದೆವು. ನೀರಿನ ಲೋಟ, ಔಷಧಿ, ಕನ್ನಡಕ, ಫೋನು, ಎಲ್ಲವನ್ನೂ ಅವಳ ಬಲಕ್ಕೆ ಸಾಗಿಸಿದೆವು. ಭಾವನ ಕುರ್ಚಿಯೂ ಬಲಕ್ಕೆ ಹೋಯಿತು. ಅಕ್ಕ ಅವರನ್ನು ನೋಡಿ, "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ರಿ?" ಎಂದಳು. ಭಾವ ಸಂಭ್ರಮದಿಂದ ಬೈಸಿಕೊಂಡರು.

ಆ ವಾರವೇ ನಾನು ಮಾಡಬಾರದ್ದೊಂದನ್ನು ಮಾಡಿದೆ. ಮಾಡುವಾಗ ಒಳ್ಳೆಯದೇ ಎಂದುಕೊಂಡಿದ್ದೆ, ಅದೇ ಕಷ್ಟ.

ಅಕ್ಕನ ಮಗಳಿಗೆ ಒಂದೂವರೆ ವರ್ಷದ ಹೆಣ್ಣುಮಗು, ಪುಟ್ಟಿ. ಮಗಳು ಪುಟ್ಟಿಯನ್ನು ಮೆಟ್ಟಿಲಿನ ಪಕ್ಕದ ಎತ್ತರದ ಕಟ್ಟೆಯ ಮೇಲೆ ಕೂರಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು ನಗುತ್ತಿರುವ ಫೋಟೋವನ್ನು ಭಾವ ತೆಗೆದರು. ಅಕ್ಕನ ಮಂಚದ ಎದುರಿಗೆ ಹಾಕಲು. ತಾಯಿ ಮಗು ಇಬ್ಬರೂ ಬಲಗಡೆಯ ಅಂಚಿನಲ್ಲಿ, ತಾಯಿ ಎಡಕ್ಕೆ, ಮಗು ಬಲತುದಿಗೆ. ಎಡಗಡೆ ಮುಕ್ಕಾಲು ಪಾಲು ಸುಣ್ಣ ಬಳಿದ ಗೋಡೆ, ಗೋಡೆ, ಬರೀ ಗೋಡೆ. ಇಂಥ ಹೊತ್ತಿನಲ್ಲೂ ಈ ಮನುಷ್ಯನಿಗೆ ತನ್ನ ಚಟ ಬಿಡಲಾಗಲಿಲ್ಲವಲ್ಲ ಎಂದು ನನಗೆ ಮೈ ಉರಿಯಿತು. ಒಂದು ಮಾತು ಕೇಳಬೇಕೆಂದೂ ಅನ್ನಿಸಲಿಲ್ಲ. ಸ್ಕೇಲು ಇಟ್ಟು, ಬ್ಲೇಡು ಎಳೆದು, ಗೋಡೆಯನ್ನು ಕತ್ತರಿಸಿ ಬುಟ್ಟಿಗೆ ಹಾಕಿ, ತಾಯಿಮಗುವನ್ನು ನಡುವಿಗೆ ತಂದು, ಇದ್ದುದರಲ್ಲಿ ಒಳ್ಳೆಯ ಮರದ ಫ್ರೇಮು ಹಾಕಿ ತೆಗೆದುಕೊಂಡು ಹೋದೆ.

ಅಕ್ಕ ಫೋಟೋ ನೋಡಿದಳು. ಅವಳ ಮುಖ ಗಂಟಿಕ್ಕಿತು.

"ನಿಮಗೆಲ್ಲ ಬುದ್ಧಿ ಇದೆಯಾ? ಅಷ್ಟು ಎತ್ತರದಲ್ಲಿ ಮಗೂನ ಒಂದನ್ನೇ ಕೂರ್ಸಿದ್ದೀರಲ್ಲ! ಬಿದ್ರೆ? ಇದರ ಅಮ್ಮ ಎಲ್ಲಿ ಹೋಗಿದ್ಲು?"

ಫೋಟೋದಲ್ಲಿ ಮಗುವನ್ನು ಹಿಡಿದುಕೊಂಡಿರುವ ಮಗಳು, ಮಂಚದ ಕಾಲ ಬಳಿ ನಿಂತಿದ್ದಳು. "ಅಮ್ಮಾ, ನಾನೇ ಹಿಡ್ಕೊಂಡಿದ್ದೀನಲ್ಲ" ಎಂದಳು. ಅಕ್ಕ ಮತ್ತೆ ನೋಡಿ, "ಎಲ್ಲಿದ್ದೀಯ? ಸುಳ್ಳು ಹೇಳ್ಬೇಡ" ಎಂದು ಜೋರು ಮಾಡಿದಳು. ಮಗಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

ಭಾವ ನನ್ನನ್ನು ನೋಡಿದರು. ನಾನು ಬೈಗುಳಕ್ಕೆ ತಯಾರಾಗಿದ್ದೆ, ಅವರು ಬೈಯಲಿಲ್ಲ. ನೇರ ನನ್ನ ಅಂಗಡಿಗೆ ಹೋಗಿ, ಬುಟ್ಟಿಯಲ್ಲಿ ಮರದ ಚೂರುಗಳ ನಡುವೆ ಹುಡುಕಿ, ಆ ಗೋಡೆಯ ಪಟ್ಟಿಯನ್ನು ತಂದರು. ಫ್ರೇಮಿನಿಂದ ಫೋಟೋ ಬಿಚ್ಚಿ, ಒಂದು ರಟ್ಟಿನ ಮೇಲೆ ಎರಡನ್ನೂ ಜೋಡಿಸಿ, ಅಕ್ಕನ ಮುಂದೆ ಹಿಡಿದರು. ಅಕ್ಕನ ಕಣ್ಣು ಆ ರಟ್ಟಿನ ನಡುವಿಗೆ ಹೋಗಿ ಕೂತಿತು. ಈಗ ಅಲ್ಲಿದ್ದುದು ಬರೀ ಗೋಡೆ. ಎಡಕ್ಕಿದ್ದದ್ದೂ ಗೋಡೆ, ಕಳೆದುಹೋದರೆ ಹೋಗಲಿ. ತಾಯಿ ಮಗು ಇಬ್ಬರೂ ಅವಳಿಗಿರುವ ಬಲಭಾಗದಲ್ಲೇ ಇದ್ದರು.

"ಓ" ಎಂದಳು ಅಕ್ಕ. "ಇವಳು ಗಟ್ಟಿಯಾಗಿ ಹಿಡ್ಕೊಂಡಿದ್ದಾಳೆ. ಸರಿ ಮತ್ತೆ."

ಆ ಖಾಲಿ ಗೋಡೆ ಚಟವಲ್ಲ, ಅವಳಿಗಾಗಿ ಬಿಟ್ಟ ಜಾಗ. ಅವಳ ಲೋಕದಿಂದ ಹರಿದುಹೋದ ಅರ್ಧದಲ್ಲಿ ಮುಖ್ಯವಾದದ್ದು ಯಾವುದೂ ಸಿಕ್ಕಿಹಾಕಿಕೊಳ್ಳದಿರಲಿ ಎಂದು ಅಳೆದು ಬಿಟ್ಟದ್ದು. ಇನ್ನೆಷ್ಟು ಫೋಟೋಗಳಲ್ಲಿ ಇನ್ನೇನೇನು ಕತ್ತರಿಸಿದ್ದೇನೋ ಎಂದು ನೆನೆದು ನಾಚಿಕೆಯಾಯಿತು. ಭಾವನ ಹತ್ತಿರ ತಪ್ಪಾಯಿತು ಎಂದೆ. "ಹೋಗ್ಲಿ ಬಿಡು, ನಿನಗೆ ಫ್ರೇಮಿನ ಅಳತೆ ಇರುತ್ತಲ್ಲ" ಎಂದರು. ನನ್ನ ಪರವಾಗಿ ನನಗಿಂತ ಚೆನ್ನಾಗಿ ಅವರೇ ಸುಳ್ಳು ಹೇಳಬಲ್ಲರು.

ವಾರಕ್ಕೆರಡು ಸಲ ವ್ಯಾಯಾಮ ಮಾಡಿಸಲು ಒಬ್ಬ ಹೆಣ್ಣುಮಗಳು ಮನೆಗೆ ಬರುತ್ತಿದ್ದಳು. ಗಟ್ಟಿಗಿತ್ತಿ. ನಾವು ಅವಳನ್ನು ಮೇಡಂ ಎನ್ನುತ್ತಿದ್ದೆವು. ಆ ರಟ್ಟನ್ನು ನೋಡಿ ಕಥೆಯೆಲ್ಲ ಕೇಳಿ, "ಚೆನ್ನಾಗಿ ಯೋಚನೆ ಮಾಡಿದ್ದೀರಿ ಅಂಕಲ್" ಎಂದಳು. ಭಾವ ಉಬ್ಬಿದರು. "ಆದ್ರೆ ಇದು ಪೂರ್ತಿ ತಪ್ಪು" ಎಂದಳು. ಉಬ್ಬಿದ್ದು ಇಳಿಯಿತು.

"ಎಲ್ಲಾನೂ ಬಲಗಡೆ ತಂದು ಕೊಡ್ತಿದ್ದೀರಿ. ಆಂಟಿ ಯಾಕೆ ತಿರುಗ್ತಾರೆ? ಬೇಕಾದ್ದೆಲ್ಲ ಕೂತಲ್ಲೇ ಸಿಗ್ತಿದೆಯಲ್ಲ. ಎಡಕ್ಕಿಡಿ. ಹುಡುಕ್ಕೊಂಡು ಬರ್ಲಿ. ಕಾಗದದ ಎಡ ಅಂಚಿಗೆ ಒಂದು ಕೆಂಪು ಗೆರೆ ಹಾಕಿ. ಆ ಕೆಂಪು ಸಿಗೋವರೆಗೂ ನೋಡೋದು ನಿಲ್ಲಿಸ್ಬಾರದು ಅಂತ ಹೇಳಿ."

ನಲವತ್ತು ವರ್ಷದಿಂದ ಊರೆಲ್ಲ ನಗುತ್ತಿದ್ದ ಭಾವನ ವಿದ್ಯೆಯನ್ನೇ ಯಾರೋ ಔಷಧಿ ಚೀಟಿಯಲ್ಲಿ ಬರೆದುಕೊಟ್ಟಂತಾಗಿತ್ತು. ನನ್ನ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ?" ಎಂದರು. ಕೇಳಿಸಿಕೊಂಡಿದ್ದೆ. ಅಂಗಡಿಗೆ ಹೋಗಿ ಒಂದು ಫ್ರೇಮು ಮಾಡಿದೆ. ಮೂರು ಪಟ್ಟಿ ಸಾದಾ ಮರ, ಎಡಗಡೆಯ ಪಟ್ಟಿ ಮಾತ್ರ ಎರಡರಷ್ಟು ಅಗಲ, ಅದಕ್ಕೆ ಕೆಂಪು ಬಣ್ಣ. ನೋಡಿದರೆ ನನಗೇ ನಾಚಿಕೆಯಾಗುವಷ್ಟು ಅಂದಗೆಟ್ಟ ಫ್ರೇಮು. ಹಿಂದುಗಡೆ ಫೋಟೋ ಜಾರಿಸಿ ತೆಗೆಯಲು ಸೀಳು ಬಿಟ್ಟಿದ್ದೆ, ದಿನಕ್ಕೊಂದು ಹೊಸ ಫೋಟೋ ಹಾಕಲು.

ಅಲ್ಲಿಂದ ಭಾವನ ನಿಜವಾದ ಕೆಲಸ ಶುರುವಾಯಿತು ಎನ್ನಬೇಕು. ಮೊದಲ ದಿನ ಪಕ್ಕದ ಮನೆಯ ಬೆಕ್ಕು, ಸರಿಯಾಗಿ ನಡುವೆ. ಪಾಸ್‌ಪೋರ್ಟ್ ಫೋಟೋ ಬಿಟ್ಟರೆ ಅವರು ನಡುವೆ ಇಟ್ಟು ತೆಗೆದದ್ದನ್ನು ನಾನು ಕಂಡದ್ದು ಅದೇ ಮೊದಲು. ಮಾರನೇ ದಿನ ಬೆಕ್ಕು ಎರಡು ಬೆರಳು ಎಡಕ್ಕೆ. ಮೂರನೇ ದಿನ ಇನ್ನೊಂದು ಬೆರಳು. ಬೆಕ್ಕನ್ನು ಒಪ್ಪಿಸಲು ಅವರು ಪಟ್ಟ ಪಾಡು ಬೇರೆಯೇ ಕಥೆ. ಅಕ್ಕ ಗೋಡೆಯೆಲ್ಲ ನೋಡಿ, "ಏನ್ರೀ ಇದು, ಬರೀ ಗೋಡೆ" ಎನ್ನುವಳು. "ಗೋಡೆ ಮುಗಿಯೋವರೆಗೂ ನೋಡು" ಎನ್ನುವರು ಭಾವ. "ಗೋಡೆ ಮುಗಿದಿದೆ." "ಕೆಂಪು ಸಿಕ್ತಾ?" "ಇಲ್ಲ." "ಹಾಗಾದ್ರೆ ಮುಗಿದಿಲ್ಲ." ಅಕ್ಕ ಹಲ್ಲು ಕಚ್ಚಿಕೊಂಡು ಕತ್ತು ಹೊರಳಿಸುವಳು, ಸ್ವಲ್ಪ, ಇನ್ನೂ ಸ್ವಲ್ಪ. "ಅಯ್ಯೋ, ಈ ದರಿದ್ರ ಬೆಕ್ಕು!" ಎಂದಾಗ ನಾನು ಈಚೆ ಕೋಣೆಯಲ್ಲಿ ಚಪ್ಪಾಳೆ ತಟ್ಟಿದ್ದೇನೆ.

ಕೆಲವೇ ದಿನದಲ್ಲಿ ಅಕ್ಕ ಮೋಸ ಮಾಡಲು ಕಲಿತಳು. ಫೋಟೋದಲ್ಲಿ ಕುರ್ಚಿಯ ಬೆನ್ನು ಕಂಡರೆ ಸಾಕು, ತಿರುಗಿ ನೋಡದೆಯೇ "ಕುರ್ಚಿ ಮೇಲೆ ಬೆಕ್ಕು" ಎನ್ನುವಳು. ಊಹಿಸಲು ಆಗದಂತೆ ತೆಗೆಯಬೇಕಾಯಿತು. ಭಾವ ಮತ್ತೆ ನೆಲಕ್ಕೆ ಬಿದ್ದರು, ಏಣಿ ಹತ್ತಿದರು. ಅವರದೇ ಮನೆಯ ಮೆಟ್ಟಿಲನ್ನು ಕೆಳಗಿನಿಂದ ತೆಗೆದು, ಎಡಮೂಲೆಯಲ್ಲಿ ಪುಟ್ಟಿಯ ಒಂದು ಬೂಟು ಇಟ್ಟರು. ಬಾವಿಯೊಳಗೆ ಬಗ್ಗಿದಂತೆ ಸೂರಿನಿಂದ ಊಟದ ಮೇಜನ್ನು ತೆಗೆದರು, ಅಂಚಿನಲ್ಲಿ ಒಂದು ಚಮಚ. ನಾನು ಏಣಿ ಹಿಡಿದುಕೊಂಡು ಕೆಳಗೆ ನಿಂತಿರುತ್ತಿದ್ದೆ. "ಇನ್ನೂ ಸ್ವಲ್ಪ ವಾಲಿಸಿ ಭಾವ, ಹೀಗಿದ್ರೆ ಅವಳು ನೋಡದೇನೇ ಊಹಿಸ್ಬಿಡ್ತಾಳೆ" ಎಂಬ ಮಾತು ನನ್ನ ಬಾಯಲ್ಲೇ ಬಂದ ದಿನ, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಏಣಿ ಅಲುಗಾಡಿತು.

ನಾಲ್ಕನೇ ತಿಂಗಳ ಹೊತ್ತಿಗೆ ಫ್ರೇಮಿನೊಳಗೆ ಅಕ್ಕನಿಂದ ಯಾವುದೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಎಡತುದಿಯಲ್ಲಿ ಸೂಜಿ ಇಟ್ಟರೂ ಹುಡುಕುವಳು. ಆದರೆ ಫ್ರೇಮಿನ ಹೊರಗೆ ಏನೂ ಬದಲಾಗಿರಲಿಲ್ಲ. ತಟ್ಟೆಯ ಎಡ ಅರ್ಧ ಹಾಗೇ ಉಳಿಯುತ್ತಿತ್ತು. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಬಡಿಯುತ್ತಿತ್ತು. ಮೇಡಂ ಹೇಳಿದಂತೆ ಭಾವನ ಕುರ್ಚಿ ಮತ್ತೆ ಎಡಕ್ಕೆ ಬಂದಿತ್ತಲ್ಲ, ಅಲ್ಲಿ ಕೂತು ಎಷ್ಟು ಮಾತಾಡಿಸಿದರೂ ಅಕ್ಕ ಬಲಗಡೆಯ ಕಿಟಕಿಗೇ ಉತ್ತರ ಕೊಡುತ್ತಿದ್ದಳು. "ಅವರ ಧ್ವನಿ ಕೇಳ್ತಿದೆ, ಆಸಾಮಿ ಎಲ್ಲಿ?" ಎಂದು ನನ್ನನ್ನು ಕೇಳುವಳು. ಭಾವ ನಗುತ್ತಿದ್ದರು. ಆ ನಗು ನನಗೆ ನೋಡಲಾಗುತ್ತಿರಲಿಲ್ಲ. ಇಡೀ ದಿನ ಅವಳಿಗಾಗಿ ನೆಲದಲ್ಲಿ ಹೊರಳಾಡಿದ ಮನುಷ್ಯ, ಊಟದ ಹೊತ್ತಿಗೆ ಅವಳ ಪಾಲಿಗೆ ಇಲ್ಲದವರಾಗಿ ಕೂರುತ್ತಿದ್ದರು.

ಮೇಡಂ ಕೂಡ ಮುಖ ಸಣ್ಣದು ಮಾಡಿದಳು. "ಫೋಟೋಗೆ ಕೆಂಪು ಅಂಚಿದೆ. ಪ್ರಪಂಚಕ್ಕೆ ಇಲ್ವಲ್ಲ. ಅಲ್ಲಿಂದ ಇಲ್ಲಿಗೆ ದಾಟ್ಬೇಕು. ಕೆಲವರು ದಾಟಲ್ಲ." ಡಾಕ್ಟರ ಹತ್ತಿರ ಹೋಗಲು ಇನ್ನು ಎಂಟು ದಿನ ಇತ್ತು. ಅವರು ಅಂದು ಏನು ಹೇಳಬಹುದು ಎಂಬುದು ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಭಾವನ ಫೋಟೋ ತೆಗೆಯೋಣ ಎಂದು ಹೊಳೆದದ್ದು ನನಗೆ. ಬೆಕ್ಕು, ಬೂಟು, ಚಮಚ, ಪೋಸ್ಟ್‌ಮ್ಯಾನಿನ ಸೈಕಲ್ ಗಂಟೆ, ಎಲ್ಲ ಆ ಫ್ರೇಮಿಗೆ ಹೋಗಿ ಬಂದಿದ್ದವು, ತೆಗೆಯುವವರೊಬ್ಬರನ್ನು ಬಿಟ್ಟು. ಹೇಳಿದ್ದಕ್ಕೆ ಭಾವ "ನನ್ನನ್ನ ಯಾಕೋ? ನೋಡೋಕೆ ಏನಿದೆ?" ಎಂದು ನುಣುಚಿಕೊಂಡರು. ನಾನು ಪಟ್ಟು ಹಿಡಿದೆ. ಸ್ಟುಡಿಯೋದ ಬರಿಗೋಡೆಗೆ ಅವರನ್ನು ನಿಲ್ಲಿಸಿ, ಕ್ಯಾಮೆರಾ ಹಿಡಿದು ಗುಂಡಿ ಒತ್ತಿದೆ. ಭಾವ ಬಂದು ನೋಡಿ, "ನಡುವೆ ನಿಲ್ಲಿಸಿದ್ದೀಯಲ್ಲೋ ಮೂಲೆಮಟ್ಟ" ಎಂದರು. ಎರಡನೇ ಸಲ ಅಂಚಿಗೆ ತಂದೆ, ಆದರೆ ಗೋಡೆಯ ಗೆರೆ ನೆಟ್ಟಗಿತ್ತು. "ಶವಪೆಟ್ಟಿಗೆ ತರ ಇದೆ" ಎಂದರು. ಮೂರನೇ ಸಲ ನಾನು ಏಣಿ ಹತ್ತಿದೆ. ಮೇಲಿಂದ ಕ್ಯಾಮೆರಾ ವಾಲಿಸಿದೆ. ಭಾವ ಎಡತುದಿಯಲ್ಲಿ, ಒಂದು ಭುಜ ಫೋಟೋದಿಂದ ಆಚೆ, ಕತ್ತೆತ್ತಿ ನನ್ನ ಕಡೆ ನೋಡುತ್ತಿದ್ದರು. ಉಳಿದದ್ದೆಲ್ಲ ಗೋಡೆ. ಅವರು ನೋಡಿ ನೇರ ಪ್ರಿಂಟಿಗೆ ಹಾಕಿದರು. ನನಗೆ ಅದೇ ದೊಡ್ಡ ಸರ್ಟಿಫಿಕೇಟು.

ಮಾರನೇ ದಿನ ಮಧ್ಯಾಹ್ನ, ಊಟಕ್ಕೆ ಮುಂಚೆ, ಮೇಜಿನ ಮೇಲೆ ಅಕ್ಕನ ಮುಂದೆ ಫ್ರೇಮು ಇಟ್ಟೆ. ಭಾವ ಅವಳ ಎಡಕ್ಕೆ, ತಮ್ಮ ಕುರ್ಚಿಯ ಹಿಂದೆ ನಿಂತಿದ್ದರು. ಅಕ್ಕ ನೋಡಿದಳು. "ಗೋಡೆ" ಎಂದಳು, ಈಗ ಆಟ ಗೊತ್ತಿದ್ದವಳಂತೆ. ಕತ್ತು ನಿಧಾನವಾಗಿ ಎಡಕ್ಕೆ ಸರಿಯಿತು. ಗೋಡೆ, ಗೋಡೆ, ಓರೆಯಾದ ಒಂದು ನೆರಳು. ಕೆಂಪು ಅಂಚಿನ ಹತ್ತಿರ ಅವಳ ಕಣ್ಣು ನಿಂತಿತು. ತುಂಬ ಹೊತ್ತು ನಿಂತಿತು. ಬೆಕ್ಕಿಗೆ ಬೈದಂತೆ ಬೈಯಲಿಲ್ಲ.

"ಇದು ಯಾರು ತೆಗೆದಿದ್ದು?"

"ನಾನು" ಎಂದೆ.

"ಚೆನ್ನಾಗಿ ಬಂದಿಲ್ಲ ಕಣೋ. ಇವರು ಇಷ್ಟು ಸಣ್ಣ ಇಲ್ಲ. ಕುತ್ತಿಗೆ ಮೂಳೆಯೆಲ್ಲ ಎದ್ದು ಕಾಣ್ತಿದೆ. ಏನೋ ಎಡವಟ್ಟು ಮಾಡಿದ್ದೀಯ."

ನನಗೆ ರೇಗಿತು. ಜನ್ಮದಲ್ಲಿ ಮೊದಲ ಬಾರಿಗೆ ಏಣಿ ಹತ್ತಿ ತೆಗೆದ ಫೋಟೋ. "ಎಡವಟ್ಟು ಏನೂ ಇಲ್ಲ. ಇರೋ ಹಾಗೇ ಬಂದಿದೆ. ಬೇಕಿದ್ರೆ ನೋಡ್ಕೋ" ಎಂದುಬಿಟ್ಟೆ.

ಅಕ್ಕ ನೋಡಿಕೊಳ್ಳಲು ಹೊರಟಳು. ಇಷ್ಟು ವರ್ಷ ಫೋಟೋ ತಿದ್ದಿದವಳಲ್ಲವೇ, ಮುಖ ಸರಿ ಬಂದಿಲ್ಲ ಎನಿಸಿದರೆ ಮೂಲವನ್ನು ನೋಡದೆ ಅವಳಿಗೆ ಸಮಾಧಾನವಿಲ್ಲ. ಕಣ್ಣು ಕೆಂಪು ಪಟ್ಟಿಯನ್ನು ದಾಟಿತು. ಅಲ್ಲಿ ನಿಲ್ಲಲಿಲ್ಲ. ಮೇಜಿನ ಅಂಚು ದಾಟಿತು, ಖಾಲಿ ಕುರ್ಚಿ ದಾಟಿತು, ಕುರ್ಚಿಯ ಬೆನ್ನು ಹಿಡಿದಿದ್ದ ಕೈ ಸಿಕ್ಕಿತು, ಆ ಕೈ ಹಿಡಿದುಕೊಂಡು ಮೇಲಕ್ಕೆ ಹೋಗಿ ಭಾವನ ಮುಖದ ಮೇಲೆ ನಿಂತಿತು. ನಾನೂ ಆಗಲೇ ನೋಡಿದ್ದು. ಅಂಗಿ ಅವರ ಮೈಮೇಲೆ ಗೂಟಕ್ಕೆ ಹಾಕಿದಂತೆ ತೂಗುತ್ತಿತ್ತು. ನಾಲ್ಕು ತಿಂಗಳಿನಿಂದ ನಮ್ಮೆಲ್ಲರ ಕಣ್ಣೂ ಅಕ್ಕನ ಮೇಲೆಯೇ ಇತ್ತು. ಇವರ ತಟ್ಟೆಯನ್ನು ಯಾರೂ ನೋಡಿರಲಿಲ್ಲ.

ಅಕ್ಕ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಫೋಟೋ ಸರಿಯಾಗೇ ಬಂದಿದೆ ಕಣೋ" ಎಂದಳು ನನಗೆ. ಆಮೇಲೆ ಅವರಿಗೆ, "ರೀ, ಏನ್ರೀ ಇದು? ಇಷ್ಟು ಸೊರಗಿದ್ದೀರಿ, ನಾನು ನೋಡೇ ಇಲ್ವಲ್ಲ."

ಅಕ್ಕ ತನ್ನ ಸೋತ ಎಡಗೈ ಚಾಚಿ, ಎರಡನೇ ಸಲಕ್ಕೆ ಅವರ ಅಂಗಿಯ ಅಂಚು ಹಿಡಿದು, ಎಳೆದು ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಅವರ ಮೇಲಿನ ಕಣ್ಣು ತೆಗೆಯದೆಯೇ, ಮೊದಲು ಅವರಿಗೆ ಬಡಿಸು ಎಂದು ನನಗೆ ಹೇಳಿದಳು.